ಮೆಜೆಸ್ಟಿಕ್ಕಿನಿಂದ ದೊಡ್ಡಣ್ಣ ಹಾಲಿಗೆ

ಊರಿನ ಭಾಗಗಳಿಗೆ ಹೆಸರು ಬರುವುದು ಸಾಮಾನ್ಯವಾಗಿ ದೇವರಿಂದ, ಇಲ್ಲವೇ ದೊರೆಗಳಿಂದ. ಬಸವನಗುಡಿಗೆ ದೊಡ್ಡ ಬಸವಣ್ಣನಿದ್ದಾನೆ, ಮಲ್ಲೇಶ್ವರಕ್ಕೆ ಕಾಡುಮಲ್ಲೇಶ್ವರನಿದ್ದಾನೆ, ಚಾಮರಾಜಪೇಟೆಯು ಅರಸರ ಹೆಸರನ್ನು ಹೊತ್ತಿದೆ. ಮೆಜೆಸ್ಟಿಕ್ಕಿಗೆ ಮಾತ್ರ ಹೆಸರನ್ನಿತ್ತುದು ಒಂದು ಸಿನಿಮಾ ಮಂದಿರ. ಆ ಮಂದಿರದ ಹೆಸರು ಸುತ್ತಣ ಬೀದಿಗಳಿಗೆಲ್ಲ ಹರಡಿ ಅಲ್ಲಿಯೇ ನೆಲೆಯೂರಿತು. ಬಸ್ ನಿಲ್ದಾಣಕ್ಕೂ ಮೆಟ್ರೋ ನಿಲ್ದಾಣಕ್ಕೂ ಕೆಂಪೇಗೌಡರ ಹೆಸರನ್ನಿಟ್ಟ ಮೇಲೆಯೂ, ಹಳ್ಳಿಯಿಂದ ಬಂದ ಅಜ್ಜಿ ಕಂಡಕ್ಟರನ್ನು ಕೇಳುವುದು “ಮೆಜೆಸ್ಟಿಕ್ಕಿಗೆ ಹೋಗುತ್ತದೇನಪ್ಪಾ?” ಎಂದೇ.

ಇಂದು ಬಸ್ಸುಗಳು ನಿಲ್ಲುವ ಸ್ಥಳದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು. ಕೆರೆ ಬತ್ತಿತು; ಬೀದಿಯಲ್ಲಿ ಚಿತ್ರಮಂದಿರಗಳು ಬೆಳೆದುವು. ಸಾಗರ್, ಸ್ಟೇಟ್ಸ್, ಗೀತಾ, ಹಿಮಾಲಯ, ಸಂತೋಷ್, ನರ್ತಕಿ, ಮೇನಕಾ, ಕಪಾಲಿ ಎಂದು ಮನೆಯ ಹಿರಿಯರು ಇಂದಿಗೂ ದೇವರ ನಾಮದಂತೆ ಎಣಿಸಿ ಹೇಳಬಲ್ಲರು. ಅವುಗಳಲ್ಲಿ ಹಲವು ಈಗಿಲ್ಲ. 1968ರಲ್ಲಿ ತೆರೆದ ಭವ್ಯವಾದ ಕಪಾಲಿಯನ್ನೂ 2017ರಲ್ಲಿ ಕೆಡವಿದರು. ಹಾಡುಗಳುಳ್ಳ ಚಿತ್ರಗಳಿಗೆ ನಾಡೆಲ್ಲ ಕಿವಿಗೊಟ್ಟುದು ಇಲ್ಲಿ. ಆದುದರಿಂದ ಕನ್ನಡದ ಮೊದಲ ಹಾಡುಚಿತ್ರವೂ ಇಲ್ಲಿಯೇ ಹುಟ್ಟಿರಬೇಕೆಂದು ಹಲವರು ಭಾವಿಸುವರು. ಸಂಗತಿ ಹಾಗಿಲ್ಲ. ಅದು ಹುಟ್ಟಿದ ಮನೆ ದೂರದಲ್ಲಿದೆ. ಅದನ್ನು ಬರಮಾಡಿಕೊಂಡ ಮನೆ ಮಾತ್ರ ಇಲ್ಲಿಂದ ಒಂದೂವರೆ ಮೈಲಿಯಷ್ಟು ಹತ್ತಿರದಲ್ಲಿತ್ತು.

ಹಾಡುವ ಚಿತ್ರವನ್ನು ಮಾಡುವುದು ಮೊದಲಿಗೆ ಎಂತಹ ಕಷ್ಟವಾಗಿತ್ತೆಂಬುದನ್ನು ಹಾಲಿವುಡ್ಡಿನವರೇ 1952ರಲ್ಲಿ ‘ಸಿಂಗಿಂಗ್ ಇನ್ ದಿ ರೇನ್’ ಎಂಬ ಪ್ರಣಯಚಿತ್ರದಲ್ಲಿ ನಗುನಗುತ್ತ ತೋರಿಸಿದರು. ಅದರಲ್ಲಿ ಮೈಕನ್ನು ಗಿಡದೊಳಗೆ ಬಚ್ಚಿಟ್ಟರೆ ನಾಯಕಿಯ ಮಾತು ಅತ್ತ ಇತ್ತ ಚೆದುರುತ್ತದೆ. ಆಕೆಯ ಉಡುಪಿನಲ್ಲಿ ಹೊಲಿದರೆ ಎದೆಬಡಿತವೇ ಕೇಳಿಬರುತ್ತದೆ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅಂತಹುದೇ ಕಾಲದಲ್ಲಿ ನಮ್ಮ ನಟರು ಈ ಕೆಲಸವನ್ನು ನಗೆಗಾಗಿ ಅಲ್ಲ, ಮಾನಕ್ಕಾಗಿ ಮಾಡಿದ್ದರು. ಅಮೆರಿಕದಲ್ಲಿ 1929ರ ಹೊತ್ತಿಗೇ ಹಾಡನ್ನು ಮೊದಲು ಮುದ್ರಿಸಿಕೊಂಡು, ಆಮೇಲೆ ಅದಕ್ಕೆ ಸರಿಯಾಗಿ ಕುಣಿಯುವ ಉಪಾಯ ಬಂದಿತ್ತು. ಹಿಂದಿಯಲ್ಲಿ ಹಿನ್ನೆಲೆ ಗಾಯನವು ಕಾಣಿಸಿಕೊಂಡುದು 1935ರಲ್ಲಿ. ಅದಕ್ಕೆ ಮೊದಲು ನಟನಾದವನು ಕ್ಯಾಮೆರಾದ ಮುಂದೆಯೇ ಹಾಡಬೇಕು. ವಾದ್ಯಗಾರರು ಚಿತ್ರದಲ್ಲಿ ಕಾಣದಂತೆ ಮರೆಯಲ್ಲಿ ಕುಳಿತು ನುಡಿಸಬೇಕು. ಒಬ್ಬನು ಕೆಮ್ಮಿದರೆ ಎಲ್ಲರೂ ಮೊದಲಿಂದ ಆರಂಭಿಸಬೇಕು.

ಬೆಂಗಳೂರಿನಲ್ಲಿ ಸೂರ್ಯ ಫಿಲಂ ಕಂಪನಿಯವರು ಮೂಕಚಿತ್ರಗಳನ್ನು ತೆಗೆದಿದ್ದುದುಂಟು. ಮಾತು ಮುದ್ರಿಸುವ ಅನುಕೂಲವಿರಲಿಲ್ಲ. ಹೀಗಿರಲು ಇಲ್ಲಿನ ವರ್ತಕರಾದ ಚಮನ್‌ಲಾಲ್ ಡುಂಗಾಜಿಯವರು ಸೌತ್ ಇಂಡಿಯಾ ಮೂವಿಟೋನ್ ಎಂಬ ಸಂಸ್ಥೆಯನ್ನು ಕಟ್ಟಿ, ಕನ್ನಡದಲ್ಲಿ ‘ಸತಿ ಸುಲೋಚನಾ’ ತೆಗೆಯಲು ಮುಂದಾದರು. ಮಾತು ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಸಂಗೀತವನ್ನು ಕೂಡಿಸಿದವರು ಎಚ್. ಆರ್. ಪದ್ಮನಾಭ ಶಾಸ್ತ್ರಿಗಳು, ನಿರ್ದೇಶಕರು ವೈ. ವಿ. ರಾಯರು. ಸ್ಟುಡಿಯೋ ಇದ್ದುದು ಕೊಲ್ಲಾಪುರದಲ್ಲಿ. ಪ್ರಭಾತ್ ಕಂಪನಿಯು 1929ರಲ್ಲಿ ಹುಟ್ಟಿದುದೂ ಅದೇ ಊರಿನಲ್ಲಿ. ಆದುದರಿಂದ ಅಲ್ಲಿ ಚಿತ್ರದ ಕೆಲಸ ಬಲ್ಲ ಕೈಗಳಿಗೆ ಕೊರತೆಯಿರಲಿಲ್ಲ.

ಅಂದು ಬೆಂಗಳೂರಿನಿಂದ ಕೊಲ್ಲಾಪುರಕ್ಕೆ ಹೋಗುವ ರೈಲು, ಅರಸೀಕೆರೆ, ಹರಿಹರ, ಹುಬ್ಬಳ್ಳಿ, ಬೆಳಗಾವಿಗಳನ್ನು ಹಾದು ಮೀರಜ್ ಸೇರುವ ಮೀಟರ್‌ಗೇಜ್ ದಾರಿ. ನಾಟಕದ ವೇದಿಕೆಯಲ್ಲಿ ರಾತ್ರಿಯೆಲ್ಲ ಗಂಟಲೆತ್ತಿ ಹಾಡಿದವರು, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಸದ್ದಿಲ್ಲದೆ ನಿಂತ ಯಂತ್ರದ ಮುಂದೆ ಹಾಡಬೇಕಾಯಿತು. ಇಲ್ಲಿ ‘ಒನ್ಸ್ ಮೋರ್’ ಎನ್ನುವ ಪ್ರೇಕ್ಷಕನಿಲ್ಲ. ಹಾಗೆ ಹೇಳುವವನು ನಿರ್ದೇಶಕನೊಬ್ಬನೇ, ಅದೂ ತಪ್ಪಾದಾಗ! ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬಾ, ರಾವಣನಾಗಿ ಆರ್. ನಾಗೇಂದ್ರರಾಯರು, ಮಂಡೋದರಿಯಾಗಿ ಲಕ್ಷ್ಮೀಬಾಯಿ. ನಿರ್ದೇಶಕರೇ ಲಕ್ಷ್ಮಣನಾಗಿ ನಿಂತು ಕಥಾನಾಯಕನನ್ನು ಕೊಂದರು. ಕಥೆ ಪುರಾಣದ್ದಾದರೂ ಅದರ ತಿರುಳು ಗಂಡಹೆಂಡಿರ ಪ್ರೇಮವೇ. ಮಡಿದ ಪತಿಯ ಶಿರಸ್ಸನ್ನು ಬೇಡಲು ಶತ್ರುವಿನ ಪಾಳೆಯಕ್ಕೇ ನಡೆದುಹೋಗುವ ಹೆಣ್ಣಿನ ಕಥೆ ಯಾವ ಪ್ರಣಯಕಥೆಗೆ ಕಡಮೆ? ಕೆಲಸಕ್ಕೆ ಸುಮಾರು ಎರಡು ತಿಂಗಳು ಹಿಡಿಯಿತು. ಖರ್ಚು ಸುಮಾರು 40,000 ರೂಪಾಯಿ. ದೀಪಗಳ ಜೊತೆಗೆ ಹಗಲಿನ ಬಿಸಿಲನ್ನೂ ತಗಡುಗಳಿಂದ ಪ್ರತಿಫಲಿಸಿ ಬಳಸಿಕೊಂಡರು.

1934ನೆಯ ಮಾರ್ಚ್ 3ರಂದು ಚಿತ್ರವು ನಗರದ ಮಾರುಕಟ್ಟೆಯ ಬಳಿಯ ದೊಡ್ಡಣ್ಣ ಹಾಲಿನಲ್ಲಿ ತೆರೆಕಂಡಿತು. ಪ್ಯಾರಾಮೌಂಟ್ ಎಂಬ ಹೆಸರಿನಿಂದಲೂ ಅದು ಪ್ರಸಿದ್ಧವಾಗಿತ್ತು. ಬೆಳ್ಳಿಯ ಪರದೆಯು ಕನ್ನಡದಲ್ಲಿ ಮಾತನಾಡುವುದನ್ನು ಕೇಳಲು ಜನ ಮುಗಿಬಿದ್ದರು. ಆರು ವಾರ ಆಟ ನಡೆಯಿತು. ಆ ದಿನವನ್ನೇ ಇಂದು ಕನ್ನಡ ಚಿತ್ರರಂಗದ ಹುಟ್ಟುಹಬ್ಬವೆಂದು ಆಚರಿಸುತ್ತೇವೆ. ಮುಂದೆಯೂ ಬಹುಕಾಲ ನಮ್ಮವರು ಚಿತ್ರ ತೆಗೆಯಲು ಮದರಾಸಿಗೋ ಪುಣೆಗೋ ಹೋಗುತ್ತಲೇ ಇದ್ದರು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಏಳಬೇಕಾದರೆ 1966 ಬರಬೇಕಾಯಿತು.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದವರು ಚಿಕ್ಕಪೇಟೆಯ ಓಣಿಗಳನ್ನು ಹಾದು ಮಾರುಕಟ್ಟೆಯ ಕಡೆಗೆ ನಡೆದುನೋಡಲಿ. ಹೂವು, ತರಕಾರಿ, ಕೂಗು, ಗದ್ದಲ ಎಲ್ಲವೂ ಇವೆ. ದೊಡ್ಡಣ್ಣ ಹಾಲು ಇಲ್ಲ. ಚಿತ್ರದ ಪ್ರತಿಯೂ ಉಳಿದು ಬಂದಿಲ್ಲ. ಹಾಡಿದವರ ಕಂಠವನ್ನು ಯಂತ್ರವು ಹಿಡಿದಿತ್ತು. ಯಂತ್ರ ಹಿಡಿದುದನ್ನು ನಾವು ಹಿಡಿದಿಡಲಿಲ್ಲ. ಆ ಕಾಲದಲ್ಲಿ ಚಿತ್ರಮಂದಿರಗಳಲ್ಲಿ ಹಾಡಿನ ಪುಸ್ತಕಗಳನ್ನು ಮಾರುತ್ತಿದ್ದರು. ಮನೆಯ ಹೆಂಗಸರು ಕೊಂಡುತಂದು ಹಸೆಗೂ ಆರತಿಗೂ ಆ ಮಟ್ಟುಗಳನ್ನು ಹಾಡುತ್ತಿದ್ದುದುಂಟು. ಅಂತಹ ಪುಸ್ತಕವೋ, ಜಾಹೀರಾತಿನ ಕಾಗದವೋ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿದರೆ, ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಗೃಹಸ್ಥರು ಒಮ್ಮೆ ತೆರೆದುನೋಡಬೇಕು. ಕೆರೆಯನ್ನು ಕಳೆದುಕೊಂಡೆವು, ಮಂದಿರಗಳನ್ನು ಕಳೆದುಕೊಂಡೆವು, ಹಾಡನ್ನಾದರೂ ಉಳಿಸಿಕೊಳ್ಳಬಾರದೆ?