ಎರಡನೇ ಬೇಸಿಗೆ 90 ಅಡಿ

ಒಂಬತ್ತನೇ ಇನಿಂಗ್ಸ್. ನಮ್ಮ ಬ್ಯಾಟಿಂಗ್ ಸರದಿ. ಯಾಂಕೀಸ್ 4, ರೆಡ್ ಸಾಕ್ಸ್ 3. ಮಣ್ಣಿನ ದಿಬ್ಬದ ಮೇಲೆ ಯಾಂಕೀಸ್ ಪಿಚರ್ ಮರಿಯಾನೊ ರಿವೆರಾ ನಿಂತಿದ್ದಾನೆ. 2004ರ ಅಕ್ಟೋಬರ್ 17, ಭಾನುವಾರ. ಮಧ್ಯರಾತ್ರಿ ಹತ್ತಿರವಾಗುತ್ತಿದೆ, ಚಳಿ ಮೂಳೆಗೆ ಇಳಿಯುತ್ತಿದೆ. ಬಾಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ, ಮೂರನೇ ಬೇಸ್ ಕಡೆಯ ಗ್ಯಾಲರಿಯಲ್ಲಿ, ಹಳೇ ಮರದ ಕುರ್ಚಿಯ ಅಂಚಿಗೆ ಜಾರಿ ಕೂತಿದ್ದೇನೆ. 1912ರಲ್ಲಿ ಕಟ್ಟಿದ ಅಂಗಳ ಇದು. ಸೂರನ್ನು ಹೊತ್ತ ಕಬ್ಬಿಣದ ಕಂಬವೊಂದು ನನಗೂ ಹೋಂ ಪ್ಲೇಟಿಗೂ ನಡುವೆ ಅಡ್ಡ ನಿಂತಿದೆ. ಬ್ಯಾಟ್ ಹಿಡಿದವನನ್ನು ನೋಡಬೇಕಾದರೆ ಕತ್ತು ವಾಲಿಸಬೇಕು. ಎರಡನೇ ಬೇಸ್ ಮಾತ್ರ ಕಣ್ಣಿಗೆ ನೇರ, ದೀಪದ ಬೆಳಕಿನಲ್ಲಿ ನಿಚ್ಚಳ.

ಪಕ್ಕದಲ್ಲಿ ಕೂತವರು ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಟಿಕೆಟ್ ಅವರದು. ಜೊತೆಗೆ ಬರಬೇಕಾಗಿದ್ದ ಅವರ ಮಗ, ನಿನ್ನೆ ಇದೇ ಅಂಗಳದಲ್ಲಿ 19-8ರ ಸೋಲು ನೋಡಿದ ಮೇಲೆ, ಇವತ್ತು ಬರೋದಿಲ್ಲ ಅಂದುಬಿಟ್ಟ. ಏಳು ಪಂದ್ಯಗಳ ಸರಣಿಯಲ್ಲಿ ಮೊದಲ ಮೂರನ್ನೂ ಸೋತಿದ್ದೇವೆ. ಹಾಗೆ ಸೋತ ತಂಡವೊಂದು ತಿರುಗಿ ನಿಂತು ಸರಣಿ ಗೆದ್ದದ್ದು ಮೇಜರ್ ಲೀಗ್ ಬೇಸ್‌ಬಾಲ್ ಚರಿತ್ರೆಯಲ್ಲೇ ಇಲ್ಲ. ಇನ್ನು ಮೂರು ಔಟ್ ಬಿದ್ದರೆ ಈ ವರ್ಷವೂ ಮುಗಿಯಿತು.

ಈ ವರ್ಷವೂ. ಆ 'ಊ'ಕಾರದ ಭಾರ ಈ ಊರಿನವರಿಗೇ ಗೊತ್ತು. ರೆಡ್ ಸಾಕ್ಸ್ ಕೊನೆಯ ಸಲ ಚಾಂಪಿಯನ್ ಆದದ್ದು 1918ರಲ್ಲಿ. ಅದಾಗಿ ಒಂದೂವರೆ ವರ್ಷದೊಳಗೆ ಬೇಬ್ ರೂತ್‌ನನ್ನು ನ್ಯೂಯಾರ್ಕಿಗೆ ಮಾರಿದರು. ಅಲ್ಲಿಯವರೆಗೆ ಒಂದು ಪ್ರಶಸ್ತಿಯನ್ನೂ ಕಾಣದಿದ್ದ ಯಾಂಕೀಸ್ ಆಮೇಲೆ 26 ಸಲ ಗೆದ್ದರು. ನಾವು ಒಂದು ಸಲವೂ ಇಲ್ಲ. 1986ರಲ್ಲಿ ಗೆಲುವಿಗೆ ಒಂದೇ ಒಂದು ಎಸೆತ ಬಾಕಿ ಇದ್ದಾಗ ಕೈತಪ್ಪಿತು. ಕಳೆದ ವರ್ಷ ಇದೇ ಯಾಂಕೀಸ್ ಎದುರು ಏಳನೇ ಪಂದ್ಯದ ಹನ್ನೊಂದನೇ ಇನಿಂಗ್ಸಿನಲ್ಲಿ ಆರನ್ ಬೂನ್ ಹೊಡೆದ ಹೋಂ ರನ್ ಎಲ್ಲವನ್ನೂ ಮುಗಿಸಿತು. ಆ ಚೆಂಡು ಎಸೆದವನು ಟಿಮ್ ವೇಕ್‌ಫೀಲ್ಡ್. ಈ ಹೆಸರು ನೆನಪಿಟ್ಟುಕೊಳ್ಳಿ.

ಕೆವಿನ್ ಮಿಲಾರ್ ಬ್ಯಾಟ್ ಹಿಡಿದಿದ್ದಾನೆ. ರಿವೆರಾನ ಎಸೆತಗಳು ಗುರಿ ತಪ್ಪುತ್ತಿವೆ. ನಾಲ್ಕನೇ ಬಾಲ್ ಹೊರಗೆ ಹೋಯಿತು. ಮಿಲಾರ್ ನಡೆದುಕೊಂಡೇ ಮೊದಲ ಬೇಸಿಗೆ ಹೋಗುತ್ತಾನೆ. ಅವನಿನ್ನೂ ಅಲ್ಲಿ ನಿಂತಿಲ್ಲ, ಅವನ ಬದಲಿಗೆ ಓಡಲು ಡಗೌಟಿನಿಂದ ಇನ್ನೊಬ್ಬ ಹೊರಬಂದ. 31ನೇ ನಂಬರಿನ ಡೇವ್ ರಾಬರ್ಟ್ಸ್.

ಪಕ್ಕದವರು ನನ್ನ ಮೊಣಕೈ ಹಿಡಿದರು. "ಓಡ್ತಾನೆ ನೋಡು," ಅಂದರು.

ಎಲ್ಲರಿಗೂ ಗೊತ್ತು. ಜುಲೈ 31ರಂದು, ಈ ಊರು ತಲೆಯ ಮೇಲೆ ಹೊತ್ತಿದ್ದ ನೊಮಾರ್ ಗಾರ್ಸಿಯಾಪಾರಾನನ್ನು ಶಿಕಾಗೋಗೆ ಕಳಿಸಿದ ದಿನವೇ, ಲಾಸ್ ಏಂಜಲೀಸಿನಿಂದ ರಾಬರ್ಟ್ಸ್‌ನನ್ನು ಕರೆತಂದರು. ನೊಮಾರ್‌ನ ದುಃಖದಲ್ಲಿ ರಾಬರ್ಟ್ಸ್ ಬಂದದ್ದನ್ನು ಗಮನಿಸಿದವರೇ ಕಡಿಮೆ. ಅವನ ಬಂಡವಾಳ ಅವನ ಕಾಲು. ಈಗ ಅವನನ್ನು ಇಳಿಸಿರುವುದು ಒಂದೇ ಕೆಲಸಕ್ಕೆ: ಮೊದಲ ಬೇಸಿನಿಂದ ಎರಡನೆಯದಕ್ಕೆ 90 ಅಡಿ ಕದ್ದು ಓಡಲಿಕ್ಕೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದನ್ನು ಹೀಗೆ ಹೇಳಬಹುದು. ಬೇಸ್ ಮೇಲಿರುವವನು ಚೆಂಡು ಹೊಡೆಯುವ ತನಕ ಕಾಯಲೇಬೇಕೆಂದಿಲ್ಲ. ಪಿಚರ್ ಎಸೆಯಲು ಮೈ ತಿರುಗಿಸಿದ ಕ್ಷಣಕ್ಕೆ ಓಟ ಕೀಳಬಹುದು. ಚೆಂಡು ಕ್ಯಾಚರ್‌ನ ಗ್ಲವ್ಸಿಗೆ ಹೋಗಿ, ಅವನು ಎದ್ದು, ಅಲ್ಲಿಂದ ಎರಡನೇ ಬೇಸಿಗೆ ಎಸೆದು, ಅಲ್ಲಿದ್ದವನು ಓಡಿಬಂದವನ ಮೈಗೆ ಚೆಂಡು ಮುಟ್ಟಿಸಬೇಕು. ಅಷ್ಟರೊಳಗೆ ತಲುಪಿದರೆ ಬಚಾವ್. ಇಡೀ ಲೆಕ್ಕ ಮೂರೂವರೆ ಸೆಕೆಂಡಿನ ಒಳಗಿನದು. ಸಿಕ್ಕಿಬಿದ್ದರೆ? ಒಂದು ಔಟ್, ಬೇಸ್ ಖಾಲಿ, ಎದುರಿಗೆ ರಿವೆರಾ. ಕಥೆ ಮುಗಿದಂತೆ.

ರಾಬರ್ಟ್ಸ್ ಬೇಸ್ ಬಿಟ್ಟು ಮೂರು ಹೆಜ್ಜೆ ಸರಿಯುತ್ತಾನೆ. ಇನ್ನರ್ಧ ಹೆಜ್ಜೆ. ರಿವೆರಾ ಗಿರಕ್ಕನೆ ತಿರುಗಿ ಮೊದಲ ಬೇಸಿಗೆ ಎಸೆದ. ರಾಬರ್ಟ್ಸ್ ಹಾರಿ ಬಿದ್ದು ಬೇಸ್ ಮುಟ್ಟಿದ. ಎದ್ದು ಮಣ್ಣು ಕೊಡವಿ ಮತ್ತೆ ಅದೇ ಜಾಗಕ್ಕೆ ಸರಿದ. ಮತ್ತೆ ಎಸೆತ, ಮತ್ತೆ ಹಾರಿ ಬಿದ್ದ. ಮೂರನೇ ಸಲ ತೀರಾ ಹತ್ತಿರ. ಜನ ಕೂಗುವುದನ್ನೇ ಮರೆತಿದ್ದಾರೆ. ಹಿಂದಿನ ಸಾಲಿನಲ್ಲಿ ಯಾರೋ ಜಪಮಾಲೆ ಎಣಿಸುತ್ತಿದ್ದಾರೆ. ಆಮೇಲೆ ರಾಬರ್ಟ್ಸ್ ಒಂದು ಮಾತು ಹೇಳಿದ. ರಿವೆರಾ ಮೂರು ಸಲ ಎಸೆದದ್ದೇ ಒಳ್ಳೆಯದಾಯಿತಂತೆ. ದಿನಗಟ್ಟಲೆ ಬೆಂಚಿನ ಮೇಲೆ ಕೂತು ಮರಗಟ್ಟಿದ್ದ ಮೈ ಆ ಮೂರು ಜಿಗಿತಗಳಲ್ಲಿ ಬಿಸಿಯಾಯಿತಂತೆ. ಹಿಂದೆ ಡಾಡ್ಜರ್ಸ್‌ನಲ್ಲಿದ್ದಾಗ, ಬೇಸ್ ಕದಿಯುವುದರಲ್ಲಿ ದಂತಕಥೆಯಾದ ಮೌರಿ ವಿಲ್ಸ್, ನೀನು ಓಡ್ತೀಯ ಅಂತ ಇಡೀ ಅಂಗಳಕ್ಕೇ ಗೊತ್ತಿರುವಾಗ ಓಡಲೇಬೇಕಾದ ಒಂದು ದಿನ ಬರುತ್ತೆ, ಆಗ ಹೆದರಬೇಡ ಎಂಬರ್ಥದ ಮಾತು ಹೇಳಿದ್ದರಂತೆ.

ಬ್ಯಾಟ್ ಹಿಡಿದು ಬಿಲ್ ಮುಲ್ಲರ್ ನಿಂತಿದ್ದಾನೆ. ರಿವೆರಾ ಅವನಿಗೆ ಮೊದಲ ಚೆಂಡು ಎಸೆಯಲು ಕಾಲೆತ್ತಿದ.

ಓಡಿದ!

ಕಂಬದ ಹಿಂದೆ ಕ್ಯಾಚರ್ ಪೊಸಾಡಾ ಏನು ಮಾಡಿದನೋ ನನಗೆ ಕಾಣಲಿಲ್ಲ. ಬೆಳ್ಳಗೆ ಒಂದು ಗೆರೆ ಎಳೆದ ಹಾಗೆ ಚೆಂಡು ಬಂದದ್ದಷ್ಟೇ ಕಂಡಿತು. ಒಳ್ಳೆಯ ಎಸೆತ, ಭಯವಾಗುವಷ್ಟು ಒಳ್ಳೆಯ ಎಸೆತ. ರಾಬರ್ಟ್ಸ್ ತಲೆ ಮುಂದಾಗಿ ಚಿಮ್ಮಿದ್ದಾನೆ, ಎಡಗೈ ಬೇಸಿಗೆ ಚಾಚಿದೆ. ಎರಡನೇ ಬೇಸಿನಲ್ಲಿದ್ದ ಯಾಂಕೀಸ್‌ನ ಜೀಟರ್‌ನ ಗ್ಲವ್ಸ್ ಅವನ ಭುಜದ ಮೇಲೆ ಇಳಿಯಿತು. ಧೂಳು. ಅಂಪೈರ್ ಎರಡೂ ಕೈಗಳನ್ನು ಅಗಲಕ್ಕೆ ಬೀಸಿದ.

ಸೇಫ್.

ಆಗ ಎದ್ದ ಸದ್ದನ್ನು ಕಿವಿ ಕೇಳಿದ್ದಕ್ಕಿಂತ ಕಾಲ ಕೆಳಗಿನ ಕಾಂಕ್ರೀಟ್ ಕೇಳಿಸಿಕೊಂಡಿತು ಅನ್ನಬೇಕು. ಒಂದೆರಡು ಎಸೆತ ಕಳೆದು ಮುಲ್ಲರ್ ಹೊಡೆದ ಚೆಂಡು ನೇರ ರಿವೆರಾನ ಪಕ್ಕದಿಂದಲೇ ನುಗ್ಗಿತು. ರಾಬರ್ಟ್ಸ್ ಮೂರನೇ ಬೇಸ್ ಸುತ್ತಿ ನಮ್ಮೆದುರಿಗೇ ಓಡಿಬಂದು ಮನೆ ಮುಟ್ಟಿದ. 4-4. ಪಕ್ಕದವರು ನನ್ನನ್ನು ತಬ್ಬಿಕೊಂಡು ಅವರಪ್ಪನ ಹೆಸರು ಹಿಡಿದು ಕೂಗುತ್ತಿದ್ದಾರೆ. ಆ ಅಪ್ಪ 1918 ಆದಮೇಲೆ ಹುಟ್ಟಿ, ಒಂದು ಗೆಲುವನ್ನೂ ಕಾಣದೆ ಹೋದವರು.

ಪಂದ್ಯ ಇನ್ನೂ ಮುಗಿದಿಲ್ಲ. ಹನ್ನೊಂದನೇ ಇನಿಂಗ್ಸಿನಲ್ಲಿ ಯಾಂಕೀಸ್ ಮೂರೂ ಬೇಸ್ ತುಂಬಿದರು. ದಿಬ್ಬಕ್ಕೆ ಬಂದ ಕರ್ಟ್ ಲೆಸ್ಕಾನಿಕ್ ಬರ್ನಿ ವಿಲಿಯಮ್ಸ್‌ನನ್ನು ಔಟ್ ಮಾಡಿ ಪಾರು ಮಾಡಿದ. ಹನ್ನೆರಡನೆಯದರಲ್ಲಿ, ರಾತ್ರಿ 1 ಗಂಟೆ 22 ನಿಮಿಷಕ್ಕೆ, ಡೇವಿಡ್ ಓರ್ಟಿಜ್ ಹೊಡೆದ ಚೆಂಡು ಬಲಗಡೆಯ ಗೋಡೆ ದಾಟಿ ಹೋಯಿತು. 6-4. ಎಲ್ಲ ಪತ್ರಿಕೆಗಳೂ ಓರ್ಟಿಜ್‌ನ ಚಿತ್ರ ಹಾಕುತ್ತವೆ, ಹಾಕಲೇಬೇಕು. ನನ್ನ ಕಣ್ಣಿನಲ್ಲಿ ಉಳಿದಿರುವುದು ಮಾತ್ರ ಬೇಸಿಗೆ ಚಾಚಿದ ಆ ಎಡಗೈ.

ಬೀಕನ್ ಬೀದಿ ಹಿಡಿದು ನಡೆದೇ ಬ್ರೂಕ್‌ಲೈನಿನ ಮನೆ ಸೇರಿದೆ. ನಿದ್ದೆ ಬರುವ ಮಾತೇ ಇಲ್ಲ. ಬೆಂಗಳೂರಿನಲ್ಲಿ ಆಗಲೇ ಮಧ್ಯಾಹ್ನ. ಬಸವನಗುಡಿಯ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಬೇಸ್‌ಬಾಲ್ ಗೊತ್ತಿಲ್ಲ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ನಿಮ್ಮ ಯಾಂಕೀಸು ಆಗಿನ ಬಾಂಬೆ ಇದ್ದ ಹಾಗೆ ಅನ್ನು," ಅಂದರು. 1974ರಲ್ಲಿ ಪ್ರಸನ್ನ ನಾಯಕತ್ವದಲ್ಲಿ ಕರ್ನಾಟಕ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಹೊರಗೆ ಹಾಕಿದಾಗ ಅವರು ಬೆಂಗಳೂರಿನ ಸ್ಟ್ಯಾಂಡಿನಲ್ಲಿ ಕೂತಿದ್ದವರು. ಅದಕ್ಕೆ ಮೊದಲು ಸತತ ಹದಿನೈದು ವರ್ಷ ಕಪ್ಪು ಬಾಂಬೆಯ ಕೈಯಲ್ಲೇ ಇತ್ತು. "ವಿಶ್ವನಾಥ್ ಸೆಂಚುರಿ ಎಲ್ಲರೂ ಹೇಳ್ತಾರೆ ಕಣೋ. ವಾಡೇಕರ್ ಜಾರಿಬಿದ್ದು ರನ್ ಔಟ್ ಆದನಲ್ಲ, ಮ್ಯಾಚು ತಿರುಗಿದ್ದು ಆಗ," ಅಂದರು. ಆಮೇಲೆ, "ನಾಳೆ ಮತ್ತೆ ಫೋನ್ ಮಾಡು, ಏನಾಯ್ತು ಹೇಳು," ಅಂದರು.

ಮರುರಾತ್ರಿಯ ಐದನೇ ಪಂದ್ಯ ಹದಿನಾಲ್ಕು ಇನಿಂಗ್ಸ್, ಸುಮಾರು ಆರು ಗಂಟೆ. ಟಿವಿ ಮುಂದೆ ನಿಂತೇ ಇದ್ದೇನೆ, ಕೂತರೆ ಅಪಶಕುನವಾದೀತು ಎಂಬ ಭಯ. ಎಂಟನೇ ಇನಿಂಗ್ಸಿನಲ್ಲಿ ಮತ್ತೆ ಮಿಲಾರ್ ಬದಲಿಗೆ ರಾಬರ್ಟ್ಸ್ ಓಡಲು ಇಳಿದ, ಮತ್ತೆ ಸಮ ಮಾಡುವ ರನ್ ತಂದ. ಹನ್ನೆರಡನೇ ಇನಿಂಗ್ಸಿಗೆ ದಿಬ್ಬ ಹತ್ತಿದವನು ವೇಕ್‌ಫೀಲ್ಡ್. ನಾಲ್ಕನೇ ಪಂದ್ಯ ಅವನು ಆರಂಭಿಸಬೇಕಾಗಿದ್ದದ್ದು. 19-8ರ ರಾತ್ರಿ ಉಳಿದ ಪಿಚರ್‌ಗಳ ಕೈ ಉಳಿಸಲೆಂದು ತಾನೇ ಮುಂದೆ ಬಂದು, ಸೋತ ಪಂದ್ಯದಲ್ಲಿ ಎಸೆದು, ಆ ಅವಕಾಶ ಬಿಟ್ಟುಕೊಟ್ಟಿದ್ದ. ಅವನದು ನಕಲ್‌ಬಾಲ್: ತಿರುಗದೆ, ತೇಲಾಡುತ್ತ, ಎತ್ತ ಹೋಗುತ್ತದೆಂದು ಎಸೆದವನಿಗೂ ತಿಳಿಯದ ಚೆಂಡು. ಅದನ್ನು ಹಿಡಿದು ಅಭ್ಯಾಸವಿದ್ದ ಕ್ಯಾಚರ್ ಬೇರೆ, ಇವತ್ತು ಇರುವುದು ವ್ಯಾರಿಟೆಕ್. ಹದಿಮೂರನೆಯದರಲ್ಲಿ ಚೆಂಡು ಮೂರು ಸಲ ಅವನ ಕೈಮೀರಿ ಹಿಂದೆ ಹೋಯಿತು. ಎರಡನೇ, ಮೂರನೇ ಬೇಸಿನಲ್ಲಿ ಯಾಂಕೀಸ್. ಇನ್ನೊಂದು ತಪ್ಪಿದರೆ ಕಳೆದ ವರ್ಷದ್ದೇ ಮತ್ತೆ, ಅದೇ ಮನುಷ್ಯನ ತಲೆಗೆ. ವೇಕ್‌ಫೀಲ್ಡ್ ಮುಖದಲ್ಲಿ ಏನೂ ಕಾಣುತ್ತಿಲ್ಲ. ಮತ್ತೊಂದು ನಕಲ್‌ಬಾಲ್. ಯಾಂಕೀಸ್‌ನ ಸಿಯೆರಾ ಬ್ಯಾಟ್ ಬೀಸಿದ, ಸಿಗಲಿಲ್ಲ, ವ್ಯಾರಿಟೆಕ್ ಎದೆಗೆ ಅವಚಿ ಹಿಡಿದ. ಓರ್ಟಿಜ್ ಹದಿನಾಲ್ಕನೆಯದರಲ್ಲಿ ಗೆಲ್ಲಿಸಿದ. ಗೆದ್ದ ಪಿಚರ್ ಎಂದು ಬರೆದುಕೊಂಡದ್ದು ವೇಕ್‌ಫೀಲ್ಡ್ ಹೆಸರನ್ನು. 2023ರಲ್ಲಿ ಅವನು ತೀರಿಕೊಂಡ ಸುದ್ದಿ ಬಂದ ದಿನ ನನಗೆ ಕಣ್ಣಿಗೆ ಕಟ್ಟಿದ್ದು ಆ ಹದಿಮೂರನೇ ಇನಿಂಗ್ಸ್.

ಮುಂದಿನದು ಬಿರುಗಾಳಿ. ನ್ಯೂಯಾರ್ಕಿನಲ್ಲಿ ಆರನೇ ಪಂದ್ಯಕ್ಕೆ ನಮ್ಮ ಕರ್ಟ್ ಶಿಲಿಂಗ್ ಪಾದದ ಕೀಲಿನ ಸ್ನಾಯುರಜ್ಜು ಜಾರದಂತೆ ವೈದ್ಯರಿಂದ ಹೊಲಿಗೆ ಹಾಕಿಸಿಕೊಂಡು, ಸಾಕ್ಸಿನಲ್ಲಿ ರಕ್ತ ಒಸರುತ್ತಿದ್ದರೂ ಏಳು ಇನಿಂಗ್ಸ್ ಎಸೆದ, 4-2. ಏಳನೇ ಪಂದ್ಯದಲ್ಲಿ ಜಾನಿ ಡೇಮನ್ ಬೇಸ್ ತುಂಬಿದ್ದಾಗ ಹೋಂ ರನ್ ಹೊಡೆದ, 10-3. ವಿಶ್ವ ಸರಣಿಯಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎದುರು ನಾಲ್ಕಕ್ಕೆ ನಾಲ್ಕು. ಅಕ್ಟೋಬರ್ 27ರಂದು ಪೂರ್ಣ ಚಂದ್ರಗ್ರಹಣ. ಕೆಂಪಾದ ಚಂದ್ರನ ಕೆಳಗೆ ಕೊನೆಯ ಚೆಂಡು ಉರುಳಿ ಕೀತ್ ಫೋಕ್‌ನ ಕೈಗೆ ಬಂತು, ಅವನು ಮೊದಲ ಬೇಸಿಗೆ ಎಸೆದ. 86 ವರ್ಷ.

ಆ ವಾರ ನ್ಯೂ ಇಂಗ್ಲೆಂಡಿನ ಸ್ಮಶಾನಗಳಲ್ಲಿ ಗೋರಿಗಳ ಮೇಲೆ ರೆಡ್ ಸಾಕ್ಸ್ ಟೋಪಿ, ಬಾವುಟಗಳು ಕಾಣಿಸಿದವು. ನಮ್ಮ ಟೆಕ್ನಿಷಿಯನ್ ಅವರಪ್ಪನ ಗೋರಿಗೆ ಗೆಲುವಿನ ಮರುದಿನದ ಪತ್ರಿಕೆ ಒಯ್ದು ಓದಿ ಬಂದರು. ನಾನೂ ಜೊತೆಗೆ ಹೋಗಿದ್ದೆ. ವಿಜಯಯಾತ್ರೆಯಲ್ಲಿ ಲಕ್ಷಾಂತರ ಜನ, ತುಂತುರು ಮಳೆ. ಚಕ್ರವಿರುವ ದೋಣಿಗಳ ಮೇಲೆ ಆಟಗಾರರು ಬೀದಿಗಳಲ್ಲಿ ಸಾಗಿ ಚಾರ್ಲ್ಸ್ ನದಿಗೇ ಇಳಿದರು.

ರಾಬರ್ಟ್ಸ್‌ಗೆ ವಿಶ್ವ ಸರಣಿಯಲ್ಲಿ ಅಂಗಳಕ್ಕಿಳಿಯುವ ಅವಕಾಶವೇ ಬರಲಿಲ್ಲ. ಡಿಸೆಂಬರ್‌ನಲ್ಲಿ ಅವನನ್ನು ಸ್ಯಾನ್ ಡಿಯಾಗೊಗೆ ಕಳಿಸಿದರು. ತಂಡ ಕಟ್ಟುವವರ ಲೆಕ್ಕ ಅದು, ಸರಿಯೇ ಇರಬಹುದು. ನನಗೆ ಅದು ಇವತ್ತಿಗೂ ನೋವಿನ ವಿಷಯ.

2005ರ ಏಪ್ರಿಲ್ 11. ಫೆನ್‌ವೇಯಲ್ಲಿ ಹೊಸ ವರ್ಷದ ಮೊದಲ ಪಂದ್ಯ, ಎದುರಾಳಿ ಯಾಂಕೀಸ್. ಆಟಗಾರರಿಗೆ ಚಾಂಪಿಯನ್ ಉಂಗುರ ತೊಡಿಸಿದ್ದಾರೆ. ಎದುರಾಳಿಗಳ ಹೆಸರು ಒಂದೊಂದಾಗಿ ಕೂಗುತ್ತಿದ್ದಾರೆ, ಪ್ರತಿ ಹೆಸರಿಗೂ ಎಂದಿನ ಬೊಬ್ಬೆ. ರಿವೆರಾನ ಹೆಸರು ಬಂದಾಗ ಮಾತ್ರ ಇಡೀ ಅಂಗಳ ಚಪ್ಪಾಳೆ ತಟ್ಟಿತು. ಕೆಲವರು ಕೆಣಕಲು ತಟ್ಟಿದರು. ನಾನು ಮನಸಾರೆ ತಟ್ಟಿದೆ. ಅವನಷ್ಟು ದೊಡ್ಡ ಪಿಚರ್‌ನ ಎದುರು ಓಡಿದ್ದಕ್ಕೇ ಅಲ್ಲವೇ ಆ 90 ಅಡಿಗೆ ಅಷ್ಟು ಬೆಲೆ ಬಂದದ್ದು? ರಿವೆರಾ ಬಾಯ್ತುಂಬ ನಕ್ಕುಬಿಟ್ಟ. ಆಮೇಲೆ ನಮ್ಮ ಕಡೆಯಿಂದ ಮೊದಲ ಚೆಂಡು ಎಸೆಯಲು ವೇಕ್‌ಫೀಲ್ಡ್ ದಿಬ್ಬ ಹತ್ತಿದ. ಅವತ್ತು 8-1ರಲ್ಲಿ ಗೆದ್ದೆವು.