ಪಂಪು ಯಾರ ಬೆನ್ನಿಗೆ?

ಮಳೆ ಹದವಾಗಿ ಬಂತು, ಮೆಕ್ಕೆಜೋಳಕ್ಕಿಂತ ಕಳೆ ಜೋರಾಗಿ ಎದ್ದಿದೆ. ಈ ವಾರ ಯಾವ ಗೊಬ್ಬರದಂಗಡಿಗೆ ಹೋದರೂ ಒಂದೇ ಪ್ರಶ್ನೆ: ಬೇಗ ಸುಡೋ ಔಷಧಿ ಯಾವುದು? ಉತ್ತರವೂ ಒಂದೇ, ಪ್ಯಾರಾಕ್ವಾಟ್. ಬೆಳಗ್ಗೆ ಹೊಡೆದರೆ ಬಿಸಿಲಿಗೆ ಸಂಜೆಯೊಳಗೆ ಬಾಡುತ್ತೆ, ಸುಳ್ಳಲ್ಲ.

ಇದರ ಕಥೆ ಮಾತ್ರ ಕೇಳಿ. ಸ್ವಿಟ್ಜರ್ಲೆಂಡ್ 1989ರಲ್ಲೇ ಇದನ್ನು ನಿಷೇಧಿಸಿತು. ಯುರೋಪ್ ಒಕ್ಕೂಟದ ನ್ಯಾಯಾಲಯ 2007ರಲ್ಲಿ ಅಲ್ಲಿಯ ಅನುಮತಿ ರದ್ದು ಮಾಡಿತು. ಆಮೇಲೂ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಗಿ ಹೊರದೇಶಗಳಿಗೆ ಹೋಗ್ತಾನೇ ಇತ್ತು. ಅಲ್ಲಿಯ ರೈತ ತನ್ನ ಹೊಲಕ್ಕೆ ಹೊಡೆಯೋ ಹಾಗಿಲ್ಲ, ಮಾಡಿ ನಮ್ಮಂಥವರಿಗೆ ಮಾರಬಹುದು. ಹೊಟ್ಟೆಗೆ ಹೋದರೆ ಇದಕ್ಕೆ ಪ್ರತ್ಯೌಷಧಿ ಇಲ್ಲ, ಶ್ವಾಸಕೋಶವೇ ಗಟ್ಟಿಯಾಗಿಬಿಡುತ್ತೆ. ಪಕ್ಕದ ಕೇರಳ 2011ರಲ್ಲಿ ನಿಲ್ಲಿಸಿತು. ನಮ್ಮಲ್ಲಿ ಅಂಗಡಿಯ ಮುಂದಿನ ಸಾಲಲ್ಲೇ ಇದೆ.

ಓದಿದಾಗ ಮೈ ಉರಿಯಿತು. ಅವರ ಜೀವಕ್ಕೊಂದು ಬೆಲೆ, ನಮ್ಮದಕ್ಕೊಂದು ಬೆಲೆ ಅಂತ ಕೂತು ಬೈದೆ. ಬೈಯೋಕೆ ಖರ್ಚಿಲ್ಲ ನೋಡಿ.

ಆದರೆ ಮಿತ್ರರೇ, ನಮ್ಮ ಊರಲ್ಲಿ 16 ಲೀಟರ್ ಪಂಪು ಯಾರ ಬೆನ್ನಿಗಿದೆ? ನಾಲ್ಕೆಕರೆ ಇದ್ದವರು ಕಳೆ ಔಷಧಿಯನ್ನ ತಾವೇ ಹೊಡೆಯೋದು ಅಪರೂಪ. ಬದುವಿನ ಮೇಲೆ ನಿಂತು ‘ಆ ಮೂಲೆ ಬಿಟ್ಟೆಯಲ್ಲೋ’ ಅಂತೀವಿ. ಬರಿಗೈಲಿ ಮದ್ದು ಬೆರೆಸೋನು, ಸೋರೋ ಪಂಪಿನಿಂದ ಬೆನ್ನು ಒದ್ದೆ ಮಾಡಿಕೊಳ್ಳೋನು, ಟ್ಯಾಂಕಿಗೆ ಇಷ್ಟು ಅಂತ ಕೂಲಿ ತಗೊಳ್ಳೋ ಹುಡುಗ. ಡಬ್ಬಿ ಮೇಲಿನ ತ್ರಿಕೋನ ಕೆಂಪಲ್ಲ, ಹಳದಿ ಅಂತ ನಮಗೆ ಧೈರ್ಯ. ಹಳದಿ ಅಂದರೂ ಅತಿ ವಿಷದ ಗುಂಪೇ. ಇಂಗ್ಲೆಂಡು ತನಗೆ ಬೇಡವಾದ ಮದ್ದನ್ನ ಇತ್ತ ಕಳಿಸಿತು, ನಾವು ನಮಗೆ ಬೇಡವಾದ ಕೆಲಸವನ್ನ ಇನ್ನೊಬ್ಬನ ಬೆನ್ನಿಗೆ ಕಳಿಸಿದೆವು. ಸರಪಳಿಯ ಆ ತುದಿ ನನ್ನ ಕೈಗೆ ಸಿಗೋದಲ್ಲ. ಈ ತುದಿ ನನ್ನ ಹೊಲದಲ್ಲೇ ಇದೆ.

ಹಾಗಾಗಿ ನಾನೇ ಹೊರೋಕೆ ಒಪ್ಪದ ಮದ್ದನ್ನ ಕೂಲಿಯವನ ಕೈಲಿ ಹೊಡೆಸಬಾರದು ಅಂತ ನಮ್ಮ ಹೊಲದಲ್ಲಿ ಇಟ್ಟುಕೊಂಡಿದ್ದೀನಿ. ಮೆಕ್ಕೆಜೋಳಕ್ಕೆ ಎರಡು ಸಲ ಎಡೆಕುಂಟೆ, ಸಾಲಿನೊಳಗೆ ಕೈಕಳೆ. ತೋಟಕ್ಕೆ ಬ್ರಷ್ ಕಟರ್. ಎಕರೆಗೆ 2,000 ರೂಪಾಯಿ ಹತ್ತಿರ ಹೆಚ್ಚು ಬೀಳ್ತಿದೆ, ಮುಚ್ಚಿಡೋದೇನು. ಔಷಧಿ ಹೊಡೆಯೋ ಹುಡುಗನಿಗೂ ನನ್ನ ಮೇಲೆ ಬೇಜಾರು. ‘ಅಣ್ಣಾ, ನೀವು ನಿಲ್ಲಿಸಿದರೆ ನನ್ನ ಕೂಲಿ ಹೋಯ್ತಲ್ಲ’ ಅಂದ. ಅವನ ಮಾತು ಸರಿಯೇ. ಬ್ರಷ್ ಕಟರ್ ಅವನ ಕೈಗೇ ಕೊಟ್ಟೆ, ದಿನಗೂಲಿ ಲೆಕ್ಕದಲ್ಲಿ. ಮೊದಲಿನಷ್ಟು ದುಡ್ಡು ಅವನಿಗೆ ಇನ್ನೂ ಹುಟ್ಟುತ್ತಿಲ್ಲ.

ಪಕ್ಕದ ಹೊಲದ ಮಾವ ನಕ್ಕರು. ‘ನೀನೊಬ್ಬ ಬಿಟ್ಟರೆ ಕಾರ್ಖಾನೆ ಬಾಗಿಲು ಹಾಕ್ತದೇನೋ?’ ಹಾಕಲ್ಲ ಮಾವ. ಕಳೆ ತೆಗೆಯೋಕೆ ಆಳು ಸಿಗೋದಿಲ್ಲ ಅನ್ನೋ ನಿಮ್ಮ ಕಷ್ಟವೂ ನಿಜವೇ. ಹೊಡೆಯಲೇಬೇಕು ಅನ್ನೋರು ಹುಡುಗನಿಗೆ ರಬ್ಬರ್ ಗ್ಲೌಸು, ಸೋರದ ಪಂಪು, ಕೈಮೈ ತೊಳೆಯೋಕೆ ಸೋಪು ಕೊಡಿ, ಗಾಳಿ ಎದ್ದಾಗ ನಿಲ್ಲಿಸಿ.

ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಪವರ್ ವೀಡರ್ ಬಾಡಿಗೆಗೆ ಸಿಗುತ್ತಾ ಅಂತ ಸೋಮವಾರ ವಿಚಾರಿಸೋಕೆ ಹೋಗ್ತಿದ್ದೀನಿ. ಹಳ್ಳದ ಆಚೆಯ ಇಬ್ಬರು ಸೇರ್ತೀವಿ ಅಂದಿದ್ದಾರೆ. ನಾಲ್ಕು ಜನ ಆದರೆ ಬಾಡಿಗೆ ಹಂಚಿಕೊಳ್ಳಬಹುದು. ಬರೋರು ಭಾನುವಾರದೊಳಗೆ ಹೇಳಿ.