ಮೇಲಿನ ನೀರು, ಕೆಳಗಿನ ನೀರು

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ನ್ಯೂ ರಿವರ್ ಎಂಬ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವಲ್ಲಿ ಕ್ಯಾಂಪ್ ಲೆಜೂನ್ ಇದೆ. 1941ರಲ್ಲಿ ಆರಂಭವಾದ ಈ ಮರೀನ್ ಸೇನಾ ನೆಲೆಯಲ್ಲಿ ಪೈನ್ ಕಾಡು, ಜೌಗು, ಮರಳ ದಂಡೆ ಎಲ್ಲವೂ ಉಂಟು. ಒಂದು ಊರೇ ಸರಿ. ಆದರೆ ಇದು ನಮ್ಮೂರು ಎನ್ನುವವರು ಕಡಿಮೆ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆಯ ಆದೇಶ ಬರುತ್ತದೆ. ಮಂಚ, ಮಕ್ಕಳ ಸೈಕಲ್ಲು ಲಾರಿ ಏರುತ್ತವೆ.

ಬಾಡಿಗೆ ಮನೆ ಹಾಳಾದರೆ ರಿಪೇರಿ ಮಾಲೀಕನ ಪಾಡು. ಒಳಗಿನ ಸಾಮಾನು? ಅದಕ್ಕೆ ಬಾಡಿಗೆದಾರನೇ ವಿಮೆ ಮಾಡಿಸಬೇಕು. ಸೈನಿಕರ ವಸತಿ ಭತ್ಯೆಯ ಲೆಕ್ಕದಲ್ಲಿ ಮೊದಲು ಈ ಕಂತೂ ಸೇರಿತ್ತು, 2015ರಲ್ಲಿ ಕೈಬಿಟ್ಟರು. ಉಳಿತಾಯ ಎಂದಾಗ ಸರ್ಕಾರಗಳ ಕಣ್ಣಿಗೆ ಬೀಳುವುದು ಇಂಥ ಸಣ್ಣ ಬಾಬ್ತುಗಳೇ!

2018ರ ಸೆಪ್ಟೆಂಬರ್ 14ರಂದು ಫ್ಲಾರೆನ್ಸ್ ಚಂಡಮಾರುತ ಈ ಕರಾವಳಿಗೆ ಅಪ್ಪಳಿಸಿತು. ಬೇಗ ಮುಂದೆ ಸರಿಯದೆ ದಿನಗಟ್ಟಲೆ ಮಳೆ ಸುರಿಸಿತು. ನೆಲೆಯ ಅನೇಕ ಮನೆಗಳ ಚಾವಣಿ ಕಿತ್ತುಹೋಗಿ, ಸಂಸಾರಗಳು ತಾತ್ಕಾಲಿಕ ವಸತಿ ಹುಡುಕಬೇಕಾಯಿತು.

ಪಾಲಿಸಿಯ ಷರತ್ತುಗಳಿಗೆ ಬೆಲೆ ಬರುವುದು ಇಂಥ ಹೊತ್ತಿನಲ್ಲಿ. ಗಾಳಿಗೆ ಚಾವಣಿ ಹಾರಿ ಮಳೆನೀರು ಮೇಲಿನಿಂದ ಬಿದ್ದು ಹಾಸಿಗೆ ತೋಯ್ದರೆ ಸಾಮಾನ್ಯವಾಗಿ ಪರಿಹಾರವುಂಟು. ಬೇರೆಡೆ ತಂಗುವ ಖರ್ಚೂ ಸಿಗಬಹುದು. ಅದೇ ನೀರು ನೆಲದ ಮೇಲೆ ಹರಿದು ಬಾಗಿಲಿನಿಂದ ಒಳಬಂದರೆ ಅದು ಪ್ರವಾಹ. ಹೆಚ್ಚಿನ ಪಾಲಿಸಿಗಳಲ್ಲಿ ಅದಕ್ಕೆ ಬಿಡಿಗಾಸೂ ಇಲ್ಲ. ರಸಾಯನಶಾಸ್ತ್ರಕ್ಕೆ ಎರಡೂ ಒಂದೇ ನೀರು, ವಿಮೆಗಲ್ಲ.

ಪ್ರವಾಹಕ್ಕೆ ಪ್ರತ್ಯೇಕ ವಿಮೆ ಬೇಕು. ಅಲ್ಲಿನ ಸರ್ಕಾರಿ ಯೋಜನೆಯಲ್ಲಿ ಹಣ ಕಟ್ಟಿದ ಮೇಲೆ ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ. ಚಂಡಮಾರುತದ ಮುನ್ಸೂಚನೆ ಬರುವುದೋ, ಕೆಲವೇ ದಿನ ಮುಂಚೆ.